ಕೆಂಪು ಬೆಳಕಿಗೆ ಕೆಂಪು ದಾರ

ಮಗಳ ಅನಿಮೆ ಹುಚ್ಚಿಗೆ ಅಮ್ಮ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಜಪಾನಿನ ಯಾವುದೋ ಕಾರ್ಟೂನಿನ ಯೋಧೆಯಂತೆ ವೇಷ ಕಟ್ಟಿ ಫೋಟೋ ತೆಗೆಸಿಕೊಳ್ಳಬೇಕೆಂದು ಹುಡುಗಿ ಹಟ ಹಿಡಿದಿದ್ದಳು. ಬಿಳಿ ನಿಲುವಂಗಿ, ಅದರ ಅಂಚಿನಿಂದ ಹೆಗಲವರೆಗೆ ಏರುವ ಜ್ವಾಲೆಗಳ ಕಸೂತಿ. ಅಮ್ಮ ಕೋಟು, ಪರದೆ, ಶಾಲೆಯ ಸಮವಸ್ತ್ರ ಎಲ್ಲ ಹೊಲಿದು ಪಳಗಿದ ದರ್ಜಿ. "ಹೊಲಿದುಕೊಡ್ತೀನಿ. ಆದ್ರೆ ಆ ಮಚ್ಚೆ ಫೋಟೋದಲ್ಲಿ ಕಾಣಬಾರ್ದು," ಎಂದಿದ್ದಳು.

ಹುಡುಗಿಯ ಎಡಗೆನ್ನೆಯಲ್ಲಿ ಕಿವಿಯ ಬುಡದಿಂದ ತುಟಿಯಂಚಿನವರೆಗೆ ಹುಟ್ಟುತ್ತಲೇ ಬಂದ ಕೆಂಪು ಮಚ್ಚೆಯಿತ್ತು. ಅಮ್ಮ ಹಚ್ಚದ ಮುಲಾಮಿಲ್ಲ, ತೋರಿಸದ ಡಾಕ್ಟರಿಲ್ಲ. ಅದು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಹುಡುಗಿಯೇನೋ ಅದನ್ನು ಎಂದೋ ಮರೆತಿದ್ದಳು. ಅಮ್ಮನ ತಲೆಯಿಂದ ಇಳಿಯಬೇಕಲ್ಲ! ಒಂದೇ ಒಂದು ಸಲ, ಫೋಟೋದಲ್ಲಾದರೂ ಸರಿ, ಅದಿಲ್ಲದ ಮುಖವನ್ನು ಕಣ್ತುಂಬ ನೋಡಬೇಕೆಂಬುದು ಅವಳ ಆಸೆಯಾಗಿತ್ತು.

ಕೆಲಸ ಹಂಚಿಕೆಯಾಯಿತು. ಮೇಕಪ್ಪು ಅಮ್ಮನ ಅಕ್ಕನ ಮಗಳದ್ದು. ಬಾಯಿಬಡುಕಿ ಅಂತಲೇ ಮನೆಯವರೆಲ್ಲ ಕರೆಯುವ ಅವಳು, ಕಣ್ಣು ಮುಖದ ಅರ್ಧದಷ್ಟು ಕಾಣುವಂತೆ ಗೆರೆ ಎಳೆಯುವುದನ್ನು ತನ್ನ ಮುಖದ ಮೇಲೇ ಅಭ್ಯಾಸ ಮಾಡಿ ಗೂಬೆಯ ಹಾಗೆ ಓಡಾಡಿದಳು. ಬೆಳಕು, ಕ್ಯಾಮೆರಾ ಅಮ್ಮನ ತಮ್ಮನದು. ತನ್ನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆದೂ ತೆಗೆದೂ ಬೇಸತ್ತಿದ್ದ ಅವನಿಗೆ ಜೀವ ಬಂದಂತಾಯಿತು. ಆ ಯೋಧೆ ಕೆಂಪು ಚಂದ್ರನ ಕೆಳಗೆ ನಿಲ್ಲುತ್ತಾಳಂತೆ. ಅದಕ್ಕೆಂದೇ ದೀಪಕ್ಕೆ ಕಟ್ಟಲು ಬೆಳಕು ಹಾಯುವಂಥ ಕೆಂಪು ಪ್ಲಾಸ್ಟಿಕ್ ಹಾಳೆ ತಂದ.

ಅಮ್ಮ ಸುಮ್ಮನಿದ್ದಾಳೆಯೇ? ಆ ಹಾಳೆಯ ಚೂರೊಂದನ್ನು ಕತ್ತರಿಸಿಕೊಂಡು ದಾರದಂಗಡಿಗೆ ಹೋದಳು. ಅಂಗಡಿಯವನ ಪ್ರಾಣ ಹಿಂಡಿ, ಇದ್ದಬದ್ದ ಉಂಡೆಗಳನ್ನೆಲ್ಲ ಬಿಚ್ಚಿಸಿ, ಹಾಳೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಕೆಂಪನ್ನು ಆರಿಸಿ ತಂದಳು. ಮ್ಯಾಚಿಂಗ್ ತಪ್ಪಿದರೆ ದರ್ಜಿಗೆ ಅನ್ನ ಇಳಿಯುತ್ತದೆಯೇ? ವಾರಗಟ್ಟಲೆ ಕೂತು ಜ್ವಾಲೆ ಹೊಲಿದಳು.

ಸ್ಟುಡಿಯೋದಲ್ಲಿ ಮೊದಲು ಬೆಳಕಿನ ಪರೀಕ್ಷೆ, ಮೇಕಪ್ಪು ಆಮೇಲೆ. ಹುಡುಗಿ ಬೆಳ್ಳಿ ಬಣ್ಣದ ವಿಗ್ಗಿಟ್ಟು, ನಿಲುವಂಗಿ ತೊಟ್ಟು ಕಪ್ಪು ಪರದೆಯ ಮುಂದೆ ನಿಂತಾಗ ತಮ್ಮ ಎರಡು ಹೆಜ್ಜೆ ಹಿಂದೆ ಸರಿದ. "ಅಕ್ಕಾ, ಇದನ್ನ ಹೊಲಿದ್ಯೋ, ಬೆಂಕಿ ಹಚ್ಚಿದ್ಯೋ?" ಅಮ್ಮ ಉಬ್ಬಿಹೋದಳು.

ಅವನು ಬೇರೆ ದೀಪಗಳನ್ನೆಲ್ಲ ಆರಿಸಿ ಕೆಂಪು ದೀಪ ಹಚ್ಚಿದ. ಜ್ವಾಲೆಗಳು ಮಂಗಮಾಯ! ಅಂಗಿಯೆಲ್ಲ ಒಂದೇ ಕೆಂಪು. ಒಂದು ಹೊಲಿಗೆಯೂ ಕಾಣದು.

"ಅಯ್ಯಯ್ಯೋ, ನನ್ನ ಬೆಂಕಿ ಎಲ್ಲಿ ಹೋಯ್ತೋ?"

ತಮ್ಮ ಹಣೆ ಚಚ್ಚಿಕೊಂಡ. "ಕೆಂಪು ಬೆಳಕಲ್ಲಿ ಬಿಳೀದೂ ಕೆಂಪೇ, ಕೆಂಪೂ ಕೆಂಪೇ. ಎರಡೂ ಒಂದಾಗಿಹೋಯ್ತು. ನೀನು ದಾರಾನ ದೀಪಕ್ಕೆ ಮ್ಯಾಚಿಂಗ್ ಮಾಡ್ತೀಯ ಅಂತ ನಂಗೇನು ಕನಸು ಬಿದ್ದಿತ್ತಾ?"

"ದರ್ಜಿ ಇನ್ನೇನ್ ಮಾಡ್ತಾಳೋ?"

"ಚಿಕ್ಕಮ್ಮಾ," ಬಾಯಿಬಡುಕಿ ಮೆಲ್ಲಗೆ ಅಂದಳು, "ಅಂಗಿ ಬಿಡು. ಅವಳ ಮುಖ ನೋಡು."

ಅಮ್ಮ ನೋಡಿದಳು. ಮಚ್ಚೆ ಇರಲಿಲ್ಲ.

ಎಷ್ಟು ನುಣುಪು, ಎಷ್ಟು ಚೆಂದ! ಇಷ್ಟು ವರ್ಷ ಬೇಡಿದ್ದು ಒಂದು ಸ್ವಿಚ್ಚಿನಲ್ಲಿ ಕಣ್ಣೆದುರು ಬಂದು ನಿಂತಿತ್ತು. ಹತ್ತಿರ ಹೋದಳು, ಇನ್ನೂ ಹತ್ತಿರ ಹೋದಳು. ಎಷ್ಟು ನೋಡಿದರೂ ಆ ಮುಖ ಪರಿಚಯ ಹೇಳಲೊಲ್ಲದು. ಶಾಲೆ ಬಿಡುವ ಹೊತ್ತಿಗೆ, ತಾನೇ ಹೊಲಿದ ಒಂದೇ ಥರದ ಸಮವಸ್ತ್ರದಲ್ಲಿ ಮಕ್ಕಳ ಹಿಂಡು ಗೇಟಿನಿಂದ ಹೊರಬೀಳುವಾಗ, ಅವಳ ಕಣ್ಣು ಹುಡುಕುತ್ತಿದ್ದದ್ದು ಆ ಕೆಂಪು ಕೆನ್ನೆಯನ್ನೇ. ಅದು ಕಂಡ ಮೇಲೆ ತಾನೆ ಜೀವ ತಣ್ಣಗಾಗುತ್ತಿದ್ದದ್ದು!

"ಯಾಕಮ್ಮಾ ಹಾಗೆ ನೋಡ್ತೀಯ? ಚೆನ್ನಾಗಿಲ್ವಾ?"

"ತುಂಬಾ ಚೆನ್ನಾಗಿದೆ ಕಣೇ. ಯಾರ ಮನೆ ಹುಡುಗೀನೋ ಏನೋ." ಅಮ್ಮ ತಮ್ಮನ ಕಡೆ ತಿರುಗಿದಳು. "ದೀಪ ಬದಲಾಯಿಸೋ!"

ತಮ್ಮ ಸ್ಟುಡಿಯೋದಲ್ಲಿದ್ದ ಹಸಿರು ಹಾಳೆ ಕಟ್ಟಿದ. ಹಸಿರು ಬೆಳಕಲ್ಲಿ ಕೆಂಪೆಲ್ಲ ಕಪ್ಪಾಯಿತು. ಜ್ವಾಲೆಗಳು ಕಪ್ಪಗೆ, ಚೂಪಾಗಿ ಅಂಚಿನಿಂದ ಎದ್ದು ಹೆಗಲಿಗೇರಿದವು. ಅವುಗಳ ಮೇಲೆ, ಅಷ್ಟೇ ಕಪ್ಪಗೆ, ಮಚ್ಚೆ. ಅಮ್ಮ ಹೆಗಲಲ್ಲಿ ನಿಲ್ಲಿಸಿದ್ದ ಕಸೂತಿಯನ್ನು ಬೇರೊಂದು ಕೈ ಕೆನ್ನೆಯವರೆಗೆ ಮುಂದುವರಿಸಿದಂತಿತ್ತು. ಬಾಯಿಬಡುಕಿಯ ಬಾಯಿಗೂ ಬೀಗ ಬಿತ್ತು. ಕ್ಯಾಮೆರಾ ಹಿಡಿದಿದ್ದ ತಮ್ಮ ಗುಂಡಿ ಒತ್ತುವುದನ್ನೇ ಮರೆತ. ಅಮ್ಮನಿಗೆ ಕೈ ಮುಗಿಯಬೇಕೆನ್ನಿಸಿತು.

ಬಾಯಿಬಡುಕಿ ಮೊದಲು ಎಚ್ಚೆತ್ತು ಮುಖಕ್ಕೆ ಹಚ್ಚುವ ದಪ್ಪ ಬಣ್ಣದ ಡಬ್ಬಿ ತೆಗೆದಳು. "ಇರಿ, ಇದನ್ನ ಮುಚ್ಚಿಬಿಡ್ತೀನಿ."

ಅಮ್ಮ ಅವಳ ಮಣಿಕಟ್ಟು ಹಿಡಿದಳು. "ಕಣ್ಣಿಗೆ ಏನು ಬೇಕಾದ್ರೂ ಬಳಿ. ಅದನ್ನ ಮುಟ್ಟೀಯ ಜೋಕೆ!"

"ಮತ್ತೆ ಷರತ್ತು?" ಮಗಳು ಕೇಳಿದಳು.

"ಷರತ್ತೂ ಇಲ್ಲ, ಗಿರತ್ತೂ ಇಲ್ಲ."

"ಆ ಯೋಧೆ ಕೆನ್ನೇಲಿ ಇದಿಲ್ವಲ್ಲ, ಯಾರ ಕೆಲಸ ಇದು ಅಂತ ಕೇಳಿದ್ರೆ ಏನನ್ಲಿ?"

ಅಮ್ಮ ಮಗಳ ಕಾಲರನ್ನು ಸರಿಪಡಿಸಿದಳು.

"ಅಂಗಿ ಮಾಡಿದವಳೇ ಇದನ್ನೂ ಮಾಡಿದ್ದು ಅನ್ನು."