ಶಾಲಿನ ಅಮ್ಮ ಹೇಳಿದ ಮಾತು

ಮಧ್ಯಾಹ್ನ ಎರಡೂವರೆಗೆ ಟರ್ಕಿ ಧಾರಾವಾಹಿ ಶುರುವಾಗುವ ಹೊತ್ತಿಗೆ ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ ಆಗಿರಬೇಕು, ಕಿಟಕಿಯ ಪರದೆ ಎಳೆದಿರಬೇಕು. ಪರದೆ ಎಳೆಯದಿದ್ದರೆ ಬಿಸಿಲು ಟೀವಿಯ ಗಾಜಿನ ಮೇಲೆ ಬಿದ್ದು, ಅಮ್ಮನಿಗೆ ಕಾಣುತ್ತಿದ್ದ ಅಷ್ಟಿಷ್ಟು ಬಣ್ಣವೂ ಕಾಣುತ್ತಿರಲಿಲ್ಲ. ಸಕ್ಕರೆ ಅವಳ ಕಣ್ಣು ತಿಂದು ಎರಡು ವರ್ಷವಾಗಿತ್ತು. ಮಂಚದ ಅಂಚಿನಲ್ಲಿ ಕೂತು, ತಲೆ ಒಂದು ಕಡೆ ವಾಲಿಸಿ, ಬಲಗಿವಿಯನ್ನು ಟೀವಿಗೆ ಕೊಟ್ಟು ಅವಳು ಧಾರಾವಾಹಿ 'ನೋಡುತ್ತಿದ್ದಳು'. ಚಿಕ್ಕವಳು ಕೆಳಗೆ ನೆಲದ ಮೇಲೆ, ಹೊಲಿಗೆ ಶೆಡ್ಡಿನಿಂದ ತಂದ ಅಂಗಿಗಳ ಗಂಟು ಬಿಚ್ಚಿಕೊಂಡು ಕಾಜಾ ಹೊಲಿಯುತ್ತಾ, ಗುಂಡಿ ಹಾಕುತ್ತಾ ಕೂರುತ್ತಿದ್ದಳು.

ಚಿಕ್ಕವಳು ಎಂದರೆ ಅಷ್ಟೇನೂ ಚಿಕ್ಕವಳಲ್ಲ, ಇಪ್ಪತ್ತಮೂರು. ಮನೆಗೆ ಕೊನೆಯವಳಾದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಅಕ್ಕ ಮಾತ್ರ ಅವಳನ್ನು ಗೂಬೆ ಅನ್ನುತ್ತಿದ್ದಳು. ಮೂಲೆಯಲ್ಲಿ ಕೂತು ಕಣ್ಣು ಮಿಟುಕಿಸದೆ ಎಲ್ಲರನ್ನೂ ನೋಡುತ್ತಿರುತ್ತಾಳೆ, ಕೇಳಿದರೆ ಗೂಕ್ ಅಂತ ಕೂಡ ಅನ್ನುವುದಿಲ್ಲ ಅಂತ. ಅದು ನಿಜವೇ. ನಾಲ್ಕು ಜನ ಸೇರಿದ ಕಡೆ ಅವಳು ಒಂದು ಮಾತನ್ನು ಶುರು ಮಾಡಿ ಮುಗಿಸಿದ್ದು ಯಾರಿಗೂ ನೆನಪಿರಲಿಲ್ಲ. ನಡುವೆ ಯಾರಾದರೂ ತಿರುಗಿ ನೋಡಿದರೆ ಸಾಕು, ಮಾತು ಗಂಟಲಲ್ಲೇ ಕೂತುಬಿಡುತ್ತಿತ್ತು.

ಧಾರಾವಾಹಿಯಲ್ಲಿ ನೀರಿನ ದಂಡೆಗೆ ಒಂದು ದೊಡ್ಡ ಮನೆ. ಕಿಟಕಿಯಾಚೆ ಸದಾ ಹಡಗು ಹೋಗುತ್ತಿರುತ್ತವೆ. ಮನೆಯಲ್ಲಿ ಬೂದಿ ಬಣ್ಣದ ಶಾಲು ಹೊದ್ದ ವಿಧವೆ ತಾಯಿ, ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಮೆಚ್ಚಿದವನ ಜೊತೆ ಹೋಗಿದ್ದಾಳೆ, ತಾಯಿ ಬಾಗಿಲು ಮುಚ್ಚಿದ್ದಾಳೆ. ಕತೆ ಅಷ್ಟೇ, ಆದರೆ ನೂರಾ ನಲವತ್ತು ಕಂತು ಆಗಿತ್ತು. ಜೊತೆಗೆ ಕೂತು ನೋಡುತ್ತಿದ್ದ ಎದುರುಮನೆ ಅತ್ತೆ ಹೇಳುತ್ತಿದ್ದದ್ದುಂಟು, ಆ ಶಾಲಿನವಳು ಅಳೋಕೆ ಶುರು ಮಾಡಿದಾಗ ನಾನು ಎದ್ದು ಹೋಗಿ ಒಂದು ಬಕೆಟ್ ಬಟ್ಟೆ ಒಣಹಾಕಿ ಬರ್ತೀನಿ, ಬಂದಾಗಲೂ ಅದೇ ಹನಿ ಅದೇ ಕೆನ್ನೆ ಮೇಲೇ ಇರುತ್ತೆ ಅಂತ.

ಅಮ್ಮ ನಗುತ್ತಿರಲಿಲ್ಲ. ಶಾಲಿನ ಅಮ್ಮನ ಮಾತು ಬಂದರೆ ಅವಳು ಉಸಿರು ಬಿಗಿಹಿಡಿಯುತ್ತಿದ್ದಳು. ಕಾರಣ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆರು ವರ್ಷದ ಹಿಂದೆ ಈ ಮನೆಯ ದೊಡ್ಡವಳೂ ಹಾಗೇ ಹೋಗಿದ್ದಳು. ಮೂರು ತಿಂಗಳಲ್ಲಿ ಅಪ್ಪ ತೀರಿಕೊಂಡ. ಸುದ್ದಿ ತಿಳಿದು ಓಡಿಬಂದವಳಿಗೆ ಅಮ್ಮ ಬಾಗಿಲಲ್ಲೇ ಹೇಳಿದ್ದಳು, ಈ ಹೊಸ್ತಿಲು ತುಳಿಯುವುದಾದರೆ ನನ್ನ ಹೆಣ ದಾಟಿಕೊಂಡು ತುಳಿ ಅಂತ. ಅಕ್ಕ ಇದ್ದದ್ದು ಅದೇ ಊರಿನಲ್ಲಿ, ಬಸ್ಸಿನಲ್ಲಿ ಮೂರು ಸ್ಟಾಪಿನಾಚೆ. ಆ ಮೂರು ಸ್ಟಾಪು ಆರು ವರ್ಷವಾದರೂ ಸವೆಯಲಿಲ್ಲ.

ಆಮೇಲೊಂದು ಸೋಮವಾರ ಧಾರಾವಾಹಿಯವರೆಲ್ಲ ಇದ್ದಕ್ಕಿದ್ದಂತೆ ತಮ್ಮ ಭಾಷೆಯಲ್ಲಿ ಮಾತಾಡತೊಡಗಿದರು. ಚಾನೆಲ್ಲಿನವರು ಡಬ್ಬಿಂಗ್ ನಿಲ್ಲಿಸಿದ್ದರು. ಕೆಳಗೆ ನಮ್ಮ ಭಾಷೆಯ ಎರಡು ಸಾಲು ಅಕ್ಷರ ಓಡುತ್ತಿದ್ದವು, ಬೇಕಾದವರು ಓದಿಕೊಳ್ಳಲಿ ಅನ್ನುವ ಹಾಗೆ. ಎದುರುಮನೆ ಅತ್ತೆ ಎದ್ದೇಬಿಟ್ಟಳು. ಓದೋದಾಗಿದ್ದರೆ ಶಾಲೆಗೇ ಹೋಗ್ತಿದ್ದೆ, ಟೀವಿ ಮುಂದೆ ಯಾಕೆ ಕೂರ್ತಿದ್ದೆ ಅಂದಳು.

ಅಮ್ಮ ತಲೆ ವಾಲಿಸಿಕೊಂಡು ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಕೆಳಗೆ ಕೈ ಚಾಚಿ ಚಿಕ್ಕವಳ ತಲೆ ಮುಟ್ಟಿದಳು.

"ನೀನು ಓದಿ ಹೇಳು."

ಚಿಕ್ಕವಳು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆಗ ಅಮ್ಮನ ಕಾಲಿಗೆ ಆಪರೇಷನ್ ಆಗಿತ್ತು, ಮನೆಯಲ್ಲಿ ಒಬ್ಬರು ಇರಬೇಕಿತ್ತು. ಅಕ್ಕನಿಗೆ ದೊಡ್ಡ ಪರೀಕ್ಷೆ ಹತ್ತಿರವಿತ್ತು. ನಿನ್ನನ್ನ ಆಮೇಲೆ ಸೇರಿಸೋಣ ಅಂದಿದ್ದರು. ಆ 'ಆಮೇಲೆ' ಬರಲೇ ಇಲ್ಲ. ಅಕ್ಷರ ಗೊತ್ತಿತ್ತು, ಅಂಗಡಿಯ ಬೋರ್ಡನ್ನು ನಿಂತು ಓದುತ್ತಿದ್ದಳು. ಆದರೆ ಬೋರ್ಡು ಓಡುವುದಿಲ್ಲ. ಇಲ್ಲಿ ಎರಡು ಪದ ಕೂಡಿಸುವಷ್ಟರಲ್ಲಿ ಸಾಲು ಮಾಯ, ಬೇರೆ ಸಾಲು ಹಾಜರು.

ಬರಲ್ಲ ಅಂತ ಹೇಳಬಹುದಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಹೇಳಲಿಲ್ಲ. ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು ಟೀವಿಯೊಳಗಿನ ಮುಖಗಳನ್ನು ನೋಡಿದಳು. ಅವಳಿಗೆ ಬರುತ್ತಿದ್ದ ವಿದ್ಯೆ ಅದೊಂದೇ. ಶಾಲಿನ ಅಮ್ಮ ಚಹಾದ ಲೋಟವನ್ನು ಬಾಯಿಗೆ ತಂದು ಕುಡಿಯದೆ ಕೆಳಗಿಟ್ಟಳು. "ಚಹಾ ಕಹಿಯಾಗಿದೆ ಅಂತಾಳೆ," ಎಂದಳು ಚಿಕ್ಕವಳು. "ಚಹಾ ಅಲ್ಲ, ಮನಸ್ಸು."

"ಹೂಂ," ಎಂದಳು ಅಮ್ಮ.

ಮೊದಮೊದಲು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳುತ್ತಿದ್ದಳು. ಬೇಜಾರಾಗಿದ್ದಾಳೆ, ಏನೋ ಯೋಚಿಸ್ತಿದ್ದಾಳೆ, ಇಷ್ಟೇ. ವಾರ ಕಳೆಯುವಷ್ಟರಲ್ಲಿ ಮಾತು ಹರಿಯತೊಡಗಿತು. ದಪ್ಪ ಮೀಸೆಯ ಒಬ್ಬ ಚೀಲ ಹಿಡಿದು ಬಂದರೆ ಅವನು ಡಾಕ್ಟರಾದ. ಅಡುಗೆಯವಳು ಬಾಗಿಲ ಸಂದಿಯಿಂದ ಇಣುಕಿದರೆ ಚಾಡಿಕೋರಿಯಾದಳು. ಅಮ್ಮ ನಡುವೆ ತಡೆಯುತ್ತಿರಲಿಲ್ಲ. ಚಿಕ್ಕವಳ ಜೀವಮಾನದಲ್ಲಿ ಮೊದಲ ಸಲ, ತಾನು ಶುರು ಮಾಡಿದ ಮಾತು ಮುಗಿಯುವ ತನಕ ಒಬ್ಬರು ಕಾಯುತ್ತಿದ್ದರು. ಆ ರುಚಿ ಹತ್ತಿದ ಮೇಲೆ ಬಿಡುವುದು ಹೇಗೆ?

ಹೀಗಿರುವಾಗ ಹೊಲಿಗೆ ಶೆಡ್ಡಿನ ಮಾಸ್ಟರ್, ಗಂಟು ಮರಳಿಸಲು ಹೋದವಳನ್ನು ನಿಲ್ಲಿಸಿ ಒಂದು ಮಾತು ಹೇಳಿದರು. ಕಿಟಕಿಯ ಪಕ್ಕದ ಮೆಷೀನು ಖಾಲಿಯಾಗಿದೆ, ನಿನ್ನ ಕೈ ಚೆನ್ನಾಗಿದೆ, ಬೆಳಿಗ್ಗೆಯಿಂದ ಸಂಜೆಯವರೆಗೆ ಬಂದು ಕೂರುವುದಾದರೆ ನಿನಗೇ. ಮೂರು ತಿಂಗಳು ಕಾಯುತ್ತೇನೆ, ಅದಕ್ಕಿಂತ ಹೆಚ್ಚು ಆಗುವುದಿಲ್ಲ. ಅವಳು ಆ ಮೆಷೀನನ್ನು ನೋಡಿದಳು. ಮೇಲೊಂದು ಹಸಿರು ಬಟ್ಟೆ ಹೊದಿಸಿತ್ತು. ಕಿಟಕಿಯಾಚೆ ಬೀದಿ, ಬೀದಿಯಲ್ಲಿ ಜನ. ದಿನವಿಡೀ ನೋಡಬಹುದು, ಯಾರೂ ಗೂಬೆ ಅನ್ನುವುದಿಲ್ಲ, ಕೆಲಸ ಮಾಡುತ್ತಿದ್ದಾಳೆ ಅನ್ನುತ್ತಾರೆ.

ಅಮ್ಮನನ್ನು ಒಬ್ಬಳೇ ಬಿಡುವ ಹಾಗಿರಲಿಲ್ಲ. ಹಗಲೆಲ್ಲ ಬಂದು ಕೂರಬಹುದಾದವಳು ಎಂದರೆ ಅಕ್ಕ ಒಬ್ಬಳೇ. ಅಕ್ಕನನ್ನು ಕೇಳಿದಳು, ಶೆಡ್ಡಿನ ಫೋನಿನಿಂದ, ಗುಟ್ಟಾಗಿ. ಅಮ್ಮ ಕರೆದರೆ ನಾನು ಬರಿಗಾಲಲ್ಲಿ ಓಡಿಬರುತ್ತೇನೆ ಅಂದು ಅಕ್ಕ ಅತ್ತಳು. ಹಾಗಾದರೆ ಅಮ್ಮ ಕರೆಯಬೇಕು. ಅಮ್ಮ ಕರೆಯುವುದು ಎಂದರೆ ಕಲ್ಲು ಕರಗುವುದು.

ಅಂದಿನಿಂದ ನೀರಿನ ದಂಡೆಯ ಮನೆಯಲ್ಲಿ ಶಾಲಿನ ಅಮ್ಮ ಮೆತ್ತಗಾಗತೊಡಗಿದಳು. ಅವಳು ಕಿಟಕಿಯಲ್ಲಿ ನಿಂತರೆ, ದೊಡ್ಡವಳು ಊಟ ಮಾಡಿದಳೋ ಇಲ್ಲವೋ ಅಂತಾಳೆ, ಎಂದು ಚಿಕ್ಕವಳು ಓದಿದಳು. ಕಪಾಟು ತೆರೆದರೆ, ಮಗಳ ಹಳೇ ಬಟ್ಟೆ ಮೂಸುತ್ತಾಳೆ. ಡಾಕ್ಟರ್ ಏನೋ ಹೇಳಿ ಹೋದರೆ, ಹಟ ಎಂಬುದು ಕಾಯಿಲೆಗಿಂತ ಬೇಗ ಕೊಲ್ಲುತ್ತೆ ಅಂದ. ಅತಿಯಾಯಿತೇನೋ ಅಂತ ತಾನೇ ಹೆದರಿ ಅಮ್ಮನ ಮುಖ ನೋಡಿದಳು. ಅಮ್ಮ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು. ಕಾಣದ ಕಣ್ಣಿಗೂ ನೀರು ಬರುತ್ತದೆ.

ಮೂರನೇ ತಿಂಗಳ ಕೊನೆಯ ವಾರ ಆ ದೃಶ್ಯ ಬಂತು. ದಂಡೆಯಲ್ಲಿ ಗಾಳಿ. ದೊಡ್ಡವಳು ನಿಂತಿದ್ದಾಳೆ. ಶಾಲಿನ ಅಮ್ಮ ನಿಧಾನವಾಗಿ ನಡೆದುಬಂದು ಮಗಳನ್ನು ಅಪ್ಪಿಕೊಂಡು, ಕಿವಿಯಲ್ಲಿ ಏನೋ ಹೇಳಿದಳು. ಕೆಳಗೆ ಅಕ್ಷರ ಬಂತು. 'ಇವತ್ತಿನಿಂದ ನನಗೆ' ಎನ್ನುವಷ್ಟನ್ನು ಚಿಕ್ಕವಳು ಕೂಡಿಸಿದಳು, ಉಳಿದದ್ದು ಹೋಯಿತು. ಹೋದರೆ ಹೋಯಿತು, ಅಪ್ಪುಗೆ ಕಣ್ಣೆದುರೇ ಇತ್ತಲ್ಲ.

"ಇವತ್ತಿನಿಂದ ನನಗೆ ಯಾವ ಕೋಪವೂ ಇಲ್ಲ, ಮನೆಗೆ ಬಾ ಮಗಳೇ, ಅಂತಾಳೆ," ಎಂದಳು.

ಜಾಹೀರಾತು ಬಂದು ಹೋಯಿತು.

"ಅವಳ ನಂಬರ್ ನಿನ್ನ ಹತ್ತಿರ ಇದೆ, ನನಗೆ ಗೊತ್ತು," ಎಂದಳು ಅಮ್ಮ ಕೊನೆಗೆ. "ಬರೋಕೆ ಹೇಳು."

ಅಕ್ಕ ಮಾರನೆಯ ದಿನವೇ ಬಂದಳು. ಹೊಸ್ತಿಲ ಹತ್ತಿರ ಚಪ್ಪಲಿ ಬಿಟ್ಟು, ಒಳಗೆ ಕಾಲಿಡಲು ಒಂದು ಗಳಿಗೆ ತಡೆದಳು. ಅಮ್ಮ ಅವಳ ಮುಖವನ್ನು ಕೈಯಲ್ಲಿ ಸವರಿ, ಸೊರಗಿದ್ದೀಯಲ್ಲೇ ಅಂದಳು. ಇಬ್ಬರೂ ಅತ್ತರು, ಊಟ ಮಾಡಿದರು. ಹಗಲು ಹೊತ್ತು ನಾನು ಬರ್ತೀನಿ, ಇವಳು ಶೆಡ್ಡಿಗೆ ಹೋಗಲಿ ಅಂತ ಅಕ್ಕ ತಾನಾಗೇ ಎತ್ತಿದಳು. ಹೋಗಲಿ ಪಾಪ, ನಾಲ್ಕು ಗೋಡೆ ನೋಡಿ ನೋಡಿ ಗೋಡೆಯೇ ಆಗಿದ್ದಾಳೆ ಎಂದಳು ಅಮ್ಮ. ಚಿಕ್ಕವಳು ತಟ್ಟೆ ತೊಳೆಯುತ್ತಾ ಹಸಿರು ಬಟ್ಟೆ ಹೊದ್ದ ಮೆಷೀನನ್ನು ನೆನೆದಳು. ನಾಳೆ ಬೆಳಿಗ್ಗೆಯೇ ಮಾಸ್ಟರಿಗೆ ಹೇಳಬೇಕು. ಸಂತೋಷದಲ್ಲಿ ಗಡಿಯಾರ ನೋಡುವುದನ್ನೇ ಮರೆತಿದ್ದಳು.

ಕೈ ಒರೆಸಿಕೊಂಡು ಬರುವಷ್ಟರಲ್ಲಿ ಟೀವಿ ಹಾಕಿಯಾಗಿತ್ತು. ಅಮ್ಮ ಅಕ್ಕನನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದಳು. ಇವತ್ತು ನೀನು ಓದು, ಅವಳ ಗಂಟಲಿಗೂ ಬಿಡುವು ಸಿಗಲಿ ಅನ್ನುತ್ತಿದ್ದಳು. ಅಕ್ಕ ಕೆಲಸ ಬಿಡುವ ತನಕ ಕಚೇರಿಯಲ್ಲಿ ದಿನವಿಡೀ ಕಾಗದ ಓದಿದವಳು. ಸರಾಗವಾಗಿ ಓದತೊಡಗಿದಳು.

"ಅಕ್ಕ, ಚಹಾ ಇಡ್ತೀನಿ, ಒಂದು ನಿಮಿಷ ಒಳಗೆ ಬಾ," ಎಂದಳು ಚಿಕ್ಕವಳು.

"ಆಮೇಲೆ ಬರ್ತೀನಿ ಕಣೇ, ಇದು ಮುಗೀಲಿ."

ಡಾಕ್ಟರ್ ಬಂದನಾ ಎಂದು ಅಮ್ಮ ಕೇಳಿದಳು. ಡಾಕ್ಟರ್ ಯಾರು, ಈ ಮೀಸೆಯವನಾ, ಇವನು ವಕೀಲ ಅಂತಿದ್ದಾರೆ ಎಂದಳು ಅಕ್ಕ. ಅಮ್ಮ ನಕ್ಕು, ನೀನು ನಡುವಿಂದ ನೋಡ್ತಿದ್ದೀಯ, ನಿನಗೇನು ಗೊತ್ತು ಅಂದಳು. ಚಿಕ್ಕವಳು ಟೀವಿಯ ರಿಮೋಟು ಹುಡುಕಿದಳು. ಅದು ಅಮ್ಮನ ತೊಡೆಯ ಕೆಳಗಿತ್ತು.

ಈ ಧಾರಾವಾಹಿಯವರಿಗೆ ಒಂದು ಒಳ್ಳೆಯ ದೃಶ್ಯ ಸಿಕ್ಕರೆ ಅದನ್ನು ಹತ್ತು ಸಲ ತೋರಿಸುವ ಚಟ. ದೊಡ್ಡವಳು ಬಸ್ಸಿನಲ್ಲಿ ಕೂತು ಹೊರಗೆ ನೋಡುತ್ತಾಳೆ, ನೆನಪು ಬರುತ್ತದೆ, ಮತ್ತೆ ಅದೇ ದಂಡೆ, ಅದೇ ಗಾಳಿ, ಅದೇ ಅಪ್ಪುಗೆ. ಆ ಸಂಗೀತ ಶುರುವಾದ ಕೂಡಲೇ ಅಮ್ಮ ಅಕ್ಕನ ಕೈ ಹಿಡಿದುಕೊಂಡಳು. ಇದನ್ನೇ ಕೇಳು, ಇದನ್ನು ಕೇಳಿಯೇ ನಿನ್ನ ಕರೆಸಿದ್ದು ಎಂದಳು.

ಅಕ್ಕ ಓದಿದಳು. "ಇವತ್ತಿನಿಂದ ನನಗೆ ಒಬ್ಬಳೇ ಮಗಳು. ಇದು ಕೊನೆಯ ಅಪ್ಪುಗೆ. ನೀನು ಸತ್ತೆ ಅಂತ..." ಅಲ್ಲಿಗೆ ಅವಳಿಗೆ ಅರ್ಥವಾಗಿ ನಿಲ್ಲಿಸಿದಳು.

ಹಡಗೊಂದು ಕೂಗಿತು, ಟೀವಿಯೊಳಗೆ.

ಅಕ್ಕನಿಗೆ ಸುಳ್ಳು ಹೇಳಲು ಬರುವುದಿಲ್ಲ, ಮೊದಲಿಂದಲೂ. ನಾನು ಯಾವುದೋ ಸಾಲು ಯಾವುದಕ್ಕೋ ಸೇರಿಸಿ ಓದಿದೆ ಅಂದಳು. ಅಮ್ಮ ಅವಳ ಕೈ ಬಿಟ್ಟಳು. ಮುಖವನ್ನು ಚಿಕ್ಕವಳು ಇದ್ದ ಕಡೆಗೆ ಸರಿಯಾಗಿ ತಿರುಗಿಸಿದಳು, ಕಾಣುವವರ ಹಾಗೆ.

"ಎಷ್ಟು ದಿನದಿಂದ?"

"ಭಾಷೆ ಬದಲಾದಾಗಿಂದ," ಎಂದಳು ಚಿಕ್ಕವಳು. "ನನಗೆ ಅಷ್ಟು ಬೇಗ ಓದೋಕೆ ಬರಲ್ಲಮ್ಮ."

ಬೈಗುಳ ಬರಲಿ ಎಂದು ಕಾದಳು. ಬೈದಿದ್ದರೆ ಏನಾದರೂ ಉಳಿಯುತ್ತಿತ್ತೇನೋ. ಅಮ್ಮ ತನ್ನ ಬರಿಗೈಯನ್ನು ತೊಡೆಯ ಮೇಲೆ ಉಜ್ಜಿಕೊಳ್ಳುತ್ತಾ ಕೂತಿದ್ದಳು.

"ನನ್ನ ಮನಸ್ಸು ಕರಗಿತು ಅಂದ್ಕೊಂಡಿದ್ದೆ," ಎಂದಳು ನಿಧಾನವಾಗಿ. "ನೀನು ಕರಗಿಸ್ತಿದ್ದೆ. ಕುರುಡಿ ಅಂತ." ಆಮೇಲೆ ಅಕ್ಕನಿಗೆ, "ನಿನ್ನ ತಪ್ಪಿಲ್ಲ ಇದರಲ್ಲಿ. ಚಹಾ ಕುಡಿದು ಹೊರಡು. ನಿನ್ನ ಕರೆದದ್ದು ನಾನಲ್ಲ."

ಚಹಾ ಯಾರೂ ಕುಡಿಯಲಿಲ್ಲ. ಹೊಸ್ತಿಲಾಚೆ ಅಕ್ಕ ಚಪ್ಪಲಿಯನ್ನು ಅದಲುಬದಲು ಹಾಕಿಕೊಂಡು ಮತ್ತೆ ಬಿಚ್ಚಿದಳು. ಗೂಬೆ, ಓದೋಕೆ ಬರಲ್ಲ ಅಂತ ನನಗಾದರೂ ಒಂದು ಮಾತು ಹೇಳಬಾರದಿತ್ತಾ ಎಂದಳು. ಯಾಕೆ ಬರಲ್ಲ ಅಂತ ನಿನಗೆ ಗೊತ್ತಿರಲಿಲ್ಲವಾ ಎಂಬ ಮಾತು ಚಿಕ್ಕವಳ ಗಂಟಲ ತನಕ ಬಂತು, ಎಂದಿನಂತೆ ಅಲ್ಲೇ ಕೂತಿತು. ಅಕ್ಕನಿಗೆ ಅದು ಹೇಗೋ ಕೇಳಿಸಿರಬೇಕು, ಮುಖ ತಿರುಗಿಸಿಕೊಂಡು ಬಸ್ಸಿನ ಕಡೆ ನಡೆದಳು. ಮತ್ತೆ ಫೋನ್ ಮಾಡಿದಾಗ ಅಕ್ಕ, ಬೇಡ ಕಣೇ, ಎರಡು ಸಲ ಆಚೆ ಹಾಕಿಸಿಕೊಂಡಿದ್ದೀನಿ, ಮೂರನೇ ಸಲಕ್ಕೆ ನನ್ನಲ್ಲಿ ಜೀವ ಇಲ್ಲ ಅಂದಳು.

ತಿಂಗಳು ಮುಗಿಯಿತು. ಗಂಟು ಕೊಡಲು ಹೋದಾಗ ಕಿಟಕಿಯ ಪಕ್ಕ ಹಿಂದಿನ ಬೀದಿಯ ಹುಡುಗಿ ಕೂತಿದ್ದಳು. ಹಸಿರು ಬಟ್ಟೆಯನ್ನು ಮಡಚಿ ಕುರ್ಚಿಗೆ ಹಾಸಿಕೊಂಡಿದ್ದಳು. ಮಾಸ್ಟರ್ ಹೊಸ ಗಂಟು ಮುಂದಕ್ಕೆ ತಳ್ಳಿದರು.

ಎರಡೂವರೆಗೆ ಈಗಲೂ ಟೀವಿ ಹಾಕುತ್ತಾರೆ. ಅಮ್ಮನೇ ಹಾಕುತ್ತಾಳೆ, ದನಿ ಪೂರ್ತಿ ಏರಿಸಿ, ಒಂದಕ್ಷರ ಅರ್ಥವಾಗದ ಆ ಭಾಷೆಗೆ ಬಲಗಿವಿ ಕೊಟ್ಟು ಕೂರುತ್ತಾಳೆ. ಚಿಕ್ಕವಳ ಜೊತೆ ಮಾತು ಎಂದರೆ ನೀರು, ಮಾತ್ರೆ, ಪರದೆ, ಅಷ್ಟೇ. ಓದು ಅಂತ ಕೇಳುವುದಿಲ್ಲ.

ಆದರೂ ಚಿಕ್ಕವಳು ಓದುತ್ತಾಳೆ. ಈಗ ಮುಖ ನೋಡುವುದಿಲ್ಲ. ಟೀವಿಯ ಹತ್ತಿರ ಸರಿದು, ಕೆಳಗಿನ ಸಾಲನ್ನು ಮಾತ್ರ ನೋಡುತ್ತಾಳೆ, ಸಿಕ್ಕಷ್ಟನ್ನು ಸಿಕ್ಕ ಹಾಗೇ ಹೇಳುತ್ತಾಳೆ.

"ನಾನು ನಿನ್ನ," ಎನ್ನುತ್ತಾಳೆ. ಸಾಲು ಹೋಗುತ್ತದೆ. "ಆ ದಿನ ಮನೆ." ಹೋಗುತ್ತದೆ. "ಯಾಕೆ."

ಹಿಂದೆ ಮಂಚದ ಮೇಲೆ ಅಮ್ಮ ರಿಮೋಟು ತಡಕಿ ದನಿಯನ್ನು ಇನ್ನೂ ಏರಿಸಲು ನೋಡುತ್ತಾಳೆ. ಅದು ಅದಕ್ಕಿಂತ ಮೇಲೆ ಏರುವುದಿಲ್ಲ.