ದಸ್ತಿ ಕಟ್ಟಿದವನು

ಆ ಬೇಸಿಗೆಯಲ್ಲಿ ಗಿರಣಿ ಓಣಿಯವರು ತಾವು ಮಲಗುವ ಹೊರಸುಗಳನ್ನು ಮನೆಯೊಳಗೆ ಎಳೆದುಕೊಂಡರು.

ಆಳಂದದ ಬಿಸಿಲು ಬಲ್ಲವರಿಗೆ ಈ ಮಾತಿನ ಭಾರ ಗೊತ್ತು. ತಗಡಿನ ಮನೆಗಳು ಹೊತ್ತು ಮುಳುಗಿದ ಮೇಲೂ ಕಾದ ಹಂಚಿನ ಹಾಗೆ ಸುಡುತ್ತವೆ. ಒಳಗೆ ಮಲಗುವುದು ಯಾರಿಂದಾಗುತ್ತದೆ? ಪ್ರತಿ ವರ್ಷ ಯುಗಾದಿ ಕಳೆಯಿತೆಂದರೆ ಓಣಿಯ ತುಂಬ ಹೊರಸುಗಳೇ. ಮುರ್ತುಜಾನದರ ಪಕ್ಕ ಗುರುಲಿಂಗನದು, ಅದರಾಚೆ ಮುದುಕಿ ನಿಂಬೆವ್ವನದು. ಎಲ್ಲವನ್ನೂ ಹೆಣೆದವನು ಮುರ್ತುಜಾನೇ. ಅವನ ಕಸುಬೇ ಅದು. ಜಾತಿ ಕೇಳಿ ಹೊರಸು ಹಾಕಿದವರು ಆ ಓಣಿಯಲ್ಲಿ ಯಾರೂ ಇರಲಿಲ್ಲ.

ಈಗ ಓಣಿ ಬಿಕೋ ಅನ್ನುತ್ತಿತ್ತು. ಬೆಳಗಿನ ಜಾವ ಅಂಗಳ ಗುಡಿಸುತ್ತಿದ್ದ ನಿಂಬೆವ್ವನ ಕೊರಳಿಗೆ ಬೈಕಿನ ಮೇಲೆ ಬಂದವರು ಕೈ ಹಾಕಿದ್ದರು. ಬಂಗಾರದ ಗುಳದಾಳಿ ಸರ ಹರಿಯಲಿಲ್ಲ. ಹರಿಯುವ ತನಕ ಮುದುಕಿಯನ್ನು ಎಳೆದುಕೊಂಡು ಹೋದರು. ಸೊಂಟ ಮುರಿದು ಅವಳೀಗ ಒಳಗೆ ಬಿದ್ದಿದ್ದಾಳೆ. ಆಮೇಲೆ ಅದೇ ಓಣಿಯ ಪ್ಯಾರಿಬಿಯ ಸರದಿ. ಸಂತೆಯಿಂದ ಬರುತ್ತಿದ್ದವಳ ಚೀಲ ಕಸಿದು, ಬಿಡಲೊಲ್ಲೆ ಅಂದಿದ್ದಕ್ಕೆ ಬಾಯಿಗೆ ಗುದ್ದಿದರು. ಮುಂದಿನ ಹಲ್ಲು ಹೋಯಿತು. ಎರಡು ಸಲವೂ ಕಂಡದ್ದು ಇಷ್ಟೇ: ಬೈಕು, ಇಬ್ಬರು, ಕಣ್ಣಷ್ಟೇ ಕಾಣುವ ಹಾಗೆ ಮುಖಕ್ಕೆ ಸುತ್ತಿದ ದಸ್ತಿ ಬಟ್ಟೆ.

ಬಿಸಿಲಿಗೆ, ಧೂಳಿಗೆ ಈ ಕಡೆ ದಸ್ತಿ ಕಟ್ಟದವರು ಯಾರಿದ್ದಾರೆ?

ಜನ ಪುರಸಭೆಯ ಮೆಂಬರ್ ಚಂದಪ್ಪನ ಹತ್ತಿರ ಹೋದರು. ತೊಗರಿ ಬೇಳೆಯ ಗಿರಣಿ ಅವನದು. ವಾರ್ಡೂ ಅವನದೇ. ಓಣಿಯ ಅರ್ಧ ಮಂದಿ ಅವನ ಗಿರಣಿಯಲ್ಲೇ ದುಡಿಯುವವರು. ಅವನು ಒಂದು ಶಾಮಿಯಾನ ಹಾಕಿಸಿದ, ಹಾರ ಹಾಕಿಸಿಕೊಂಡ, ಭಾಷಣ ಮಾಡಿದ.

"ಪೊಲೀಸ್ರು ಎಲ್ಲೆಲ್ಲಿ ಅಂತ ಇರ್ತಾರ? ನಿಮ್ಮ ಓಣಿ ನೀವ ಕಾಯ್ರಿ. ಕಳ್ಳ ಸಿಕ್ಕ್ರ ಮೊದ್ಲ ಹೊಡೀರಿ, ಹಿಂದಾಗಡೆ ನನಗ ಫೋನ್ ಮಾಡ್ರಿ. ಮುಂದಿಂದು ನಾ ನೋಡ್ಕೋತೇನಿ."

ಮನೆಗೊಂದು ಬಿದಿರಿನ ಬಡಿಗೆ ಹಂಚಿದರು. ಹಂಚಿದವನು ಅವನ ಸೋದರಳಿಯ, ತಂಗಿಯ ಮಗ ರೇವಣ್ಯಾ. ಒಬ್ಬೊಬ್ಬರ ಕೈಗೂ ನಗುನಗುತ್ತ ಬಡಿಗೆ ಕೊಟ್ಟು ಫೋಟೋ ತೆಗೆಸಿಕೊಂಡ. ಮುರ್ತುಜಾನ ಹೆಂಡತಿ ವಜೀರುನ್ನಿಸಾ ಗುಂಪಿನಿಂದ ಎದ್ದು ನಿಂತಳು.

"ಓಣ್ಯಾಗ ಲೈಟ್ ಹಚ್ಚಸ್ರಿ ಸಾಹೇಬ್ರ. ಕಂಬ ಅದಾವ, ಬಲ್ಬ್ ಇಲ್ಲ. ನಿಮ್ಮ ಕ್ಯಾಮೆರಾನರೆ ಈ ಕಡೆ ತಿರುಗಸ್ರಿ."

ಕ್ಯಾಮೆರಾ ಇದ್ದದ್ದು ನಿಜ. ಅದು ಗಿರಣಿಯ ಗೇಟಿನತ್ತ ನೋಡುತ್ತಿತ್ತು. ಅಲ್ಲಿ ತೊಗರಿ ಚೀಲಗಳಿದ್ದವು, ಇಲ್ಲಿ ಬರೀ ಮನುಷ್ಯರು.

"ಬಡಿಗಿ ಕೊಟ್ಟೀನಲ್ಲ ಬೇ, ಇನ್ನ ಲೈಟ್ ಯಾಕ?" ಅಂದ ಚಂದಪ್ಪ. ಜನ ನಕ್ಕರು. ನಗಬಾರದಿತ್ತು.

ಅದಾಗಿ ಕೆಲವು ದಿನಗಳಿಗೆ, ಸಂಜೆಯ ಮಗ್ರಿಬ್‌ನ ಆಜಾನ್ ಮುಗಿದ ಹೊತ್ತು. ವಜೀರುನ್ನಿಸಾ ದಿನವೆಲ್ಲ ಗಿರಣಿಯಲ್ಲಿ ತೊಗರಿ ಹಸನು ಮಾಡಿ ಮನೆಗೆ ಬರುತ್ತಿದ್ದಳು. ಮೈಯೆಲ್ಲ ತೊಗರಿಯ ಧೂಳು, ತುರಿಕೆ. ಓಣಿಯ ಬಾಯಲ್ಲಿ ಹಿಂದಿನಿಂದ ಬೈಕಿನ ಸಪ್ಪಳ ಕೇಳಿತು. ತಿರುಗುವುದರೊಳಗೆ ಒಂದು ಕೈ ಅವಳ ಕಿವಿಯ ಝುಮಕಿಯನ್ನು ಹಿಡಿದಿತ್ತು.

ಎಳೆದರು. ಕಿವಿಯ ಹಾಲೆ ಹರಿಯಿತು. ಆ ಸದ್ದು ಅವಳಿಗೆ ತಲೆಯೊಳಗಿಂದ ಕೇಳಿಸಿತು. ಬಿಸಿ ನೆತ್ತರು ಕೊರಳಿಗಿಳಿಯಿತು. ಅವಳು ಬೀಳುತ್ತ ಆ ಕೈಯನ್ನು ಪರಚಿದಳು, ಹಿಂದೆ ಕೂತಿದ್ದವನು ವಾಲಿದ, ಅವನ ದಸ್ತಿ ಮೂಗಿನಿಂದ ಕೆಳಗೆ ಜಾರಿತು.

ಬಡಿಗೆ ಹಂಚುತ್ತ ನಕ್ಕಿದ್ದ ಅದೇ ಮುಖ. ರೇವಣ್ಯಾ.

ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಆ ಕ್ಷಣದಲ್ಲೇ ಗಿರಣಿ, ಮೆಂಬರ್, ಪೊಲೀಸ್ ಚೌಕಿ ಎಲ್ಲವೂ ಕಣ್ಣ ಮುಂದೆ ಬಂದು ನಿಂತವು. ಬಡವರ ಹೆದರಿಕೆಗೆ ಯೋಚನೆ ಮಾಡುವಷ್ಟು ಹೊತ್ತು ಬೇಕಾಗುವುದಿಲ್ಲ. ಅವಳು ಹೆಸರನ್ನು ನುಂಗಿ ಬೇರೆ ಮಾತು ಕೂಗಿದಳು.

"ದಸ್ತಿ ಕಟ್ಟಿದಾಂವ! ದಸ್ತಿ ಕಟ್ಟಿದಾಂವ! ಹಿಡೀರ್ಯೋ!"

ಬೈಕು ಓಣಿಯೊಳಗೆ ನುಗ್ಗಿ ಆಚೆ ತುದಿಯಲ್ಲಿ ಹೊರಳಿ ಮಾಯವಾಯಿತು. ಅದರ ಹಿಂದೆ ಓಡಿದವನು ಗುರುಲಿಂಗ. ಗಿರಣಿಯಲ್ಲಿ ಲಾರಿಗೆ ಚೀಲ ಹೇರಿ ಬರುತ್ತಿದ್ದ ಹಮಾಲ. ಆಪಾ, ಅಕ್ಕ ಎಂದು ಕರೆಯುತ್ತಿದ್ದ ಪಕ್ಕದ ಮನೆಯ ವಜೀರುನ್ನಿಸಾಳ ಕೂಗು ಕೇಳಿ ಓಡಿದ್ದ. ಧೂಳಿಗೆಂದು ಕಟ್ಟಿದ್ದ ದಸ್ತಿ ಇನ್ನೂ ಮುಖದ ಮೇಲೇ ಇತ್ತು.

ಬಾಗಿಲುಗಳು ತೆರೆದವು. ಬಡಿಗೆಗಳು ಹೊರಗೆ ಬಂದವು. ಮಬ್ಬುಗತ್ತಲಲ್ಲಿ ಜನಕ್ಕೆ ಕಂಡದ್ದು ಒಂದೇ: ದಸ್ತಿ ಕಟ್ಟಿಕೊಂಡು ಓಡುತ್ತಿರುವ ಒಬ್ಬ.

ಮೊದಲ ಏಟು ಮುರ್ತುಜಾನದು. ಹೆಂಡತಿಯ ಕೂಗು ಕೇಳಿದ ಗಂಡನ ಏಟು, ನೇರ ತಲೆಗೆ ಬಿತ್ತು. ಗುರುಲಿಂಗ ಮೊಣಕಾಲೂರಿದ. ಏನೋ ಹೇಳಲು ಹೋದ, ದಸ್ತಿ ಬಾಯಿಗೆ ಅಡ್ಡವಾಗಿತ್ತು. ಅದನ್ನು ಬಿಚ್ಚಲು ಕೈ ಎತ್ತಿದ.

"ಚಾಕು ತಗ್ಯಾಕತ್ಯಾನ! ಹೊಡೀರಿ ಸೂಳೆಮಗಗ!"

ಆಮೇಲೆ ಏಟುಗಳಿಗೆ ಲೆಕ್ಕ ಇರಲಿಲ್ಲ. ಎದುರು ಮನೆಯ ಸಲಾವುದ್ದೀನ ಹೊಡೆದ. ಹಲ್ಲು ಕಳೆದುಕೊಂಡ ಪ್ಯಾರಿಬಿ ಹೊಡೆದಳು. ಒಂದು ಬೇಸಿಗೆಯ ಹೆದರಿಕೆಯೆಲ್ಲ ಆ ಮೈಮೇಲೆ ಬಿತ್ತು. ಮುರಿದದ್ದು ಬಡಿಗೆಯೋ ಎಲುಬೋ ಗೊತ್ತಾಗಲಿಲ್ಲ. ವಜೀರುನ್ನಿಸಾ ಕಿವಿ ಹಿಡಿದುಕೊಂಡು ಓಡಿ ಬಂದು "ಅಂವ ಅಲ್ಲ, ಅಂವ ಅಲ್ಲ" ಎಂದು ಚೀರುತ್ತಿದ್ದಳು. ಯಾರಿಗೂ ಕೇಳಿಸಲಿಲ್ಲ. ಗುರುಲಿಂಗನ ಹೆಂಡತಿ ಶಿವಗಂಗಾ ಕೂಡ ಬಡಿಗೆ ಹಿಡಿದೇ ಬಂದಿದ್ದಳು. ಎತ್ತಿದ ಬಡಿಗೆ ಇಳಿಸುವ ಮುಂಚೆ ಅವಳ ಕಣ್ಣು ಕೆಳಗೆ ಬಿದ್ದವನ ಕಾಲಿನ ಮೇಲೆ ಹೋಯಿತು. ಚೀಲ ಬಿದ್ದು ಉಗುರು ಹೋಗಿದ್ದ ಹೆಬ್ಬೆರಳು.

"ಯಪ್ಪಾ! ನನ್ನ ಗಂಡ್ರೋ!"

ಮುರ್ತುಜಾ ಬಾಗಿ ನೆತ್ತರಲ್ಲಿ ತೊಯ್ದ ದಸ್ತಿಯನ್ನು ಬಿಚ್ಚಿದ. ಪ್ರತಿ ಬೇಸಿಗೆ ಪಕ್ಕದ ಹೊರಸಿನ ಮೇಲೆ ಮಲಗುತ್ತಿದ್ದವನ ಮುಖ. ಅವನ ಕೈಯಿಂದ ಬಡಿಗೆ ಬಿತ್ತು.

ಗುರುಲಿಂಗನನ್ನು ಕಲಬುರಗಿಯ ದವಾಖಾನೆಗೆ ಒಯ್ದರು. ಅವನಿಗೆ ಎಚ್ಚರ ಬರಲಿಲ್ಲ.

ಮರುದಿನ ಮೆಂಬರ್ ಚಂದಪ್ಪ ತಾನೇ ಮುರ್ತುಜಾನ ಮನೆಗೆ ಬಂದ. ಅವನು ಆ ಓಣಿಯ ಮನೆಯೊಂದರೊಳಗೆ ಕಾಲಿಟ್ಟದ್ದು ಅದೇ ಮೊದಲು. ಹೊರಸಿನ ಮೇಲೆ ಕೂತ.

"ಮುರ್ತುಜಾ, ನಿನ್ನ ಉಳಸಾಕ ಬಂದೀನಿ. ಗುರುಲಿಂಗ ಸತ್ತ ಅಂದ್ರ ಖೂನಿ ಕೇಸು. ಮೊದಲ್ನೇ ಏಟು ನಿಂದು. ನೀ, ಸಲಾವುದ್ದೀನ, ಓಣಿ ಗಂಡಸ್ರೆಲ್ಲ ಜೇಲಿಗಿ ಹೋಗ್ತೀರಿ."

ಮುರ್ತುಜಾ ನೆಲ ನೋಡುತ್ತಿದ್ದ.

"ಅದೇ ಗುರುಲಿಂಗ ಕಳ್ಳ ಇದ್ದ ಅಂದ್ರ? ಮಾತು ಮುಗೀತು. ಕಳ್ಳಗ ಮಂದಿ ಹೊಡದ್ರು. ಯಾರ ಹೊಡದ್ರು? ಮಂದಿ ಹೊಡದ್ರು. ಮಂದೀಗಿ ಹೆಸರಿರ್ತದೇನು? ಫೌಜದಾರ್ರಿಗಿ ನಾ ಹೇಳೀನಿ. ನಿನ್ನ ಹೆಂಡ್ತಿ ಚೌಕಿಗಿ ಬಂದು, ಕಿವಿ ಹರದಾಂವ ಗುರುಲಿಂಗ ಅಂದ್ರ ಆಯ್ತು. ಝುಮಕೀನೂ ಅವನ ಕಿಸೇದಾಗ ಸಿಕ್ಕದ."

ಬಾಗಿಲ ಮರೆಯಲ್ಲಿದ್ದ ವಜೀರುನ್ನಿಸಾ ಮುಂದೆ ಬಂದಳು. ಕಿವಿಗೆ ದಪ್ಪ ಪಟ್ಟಿ ಕಟ್ಟಿತ್ತು.

"ಝುಮಕಿ ಬೈಕಿನ ಮ್ಯಾಲ ಹೋಯ್ತ್ರಿ ಸಾಹೇಬ್ರ. ಬೈಕಿನಾಗಿಂದು ಅವನ ಕಿಸೇದಾಗ ಹ್ಯಾಂಗ ಬಂತ್ರಿ? ಯಾರ್ ತಂದ್ ಇಟ್ರು?"

ಚಂದಪ್ಪ ಅವಳನ್ನು ದಿಟ್ಟಿಸಿ ನೋಡಿದ. ಇವಳಿಗೆ ಗೊತ್ತಿದೆ ಎಂಬುದು ಅವನಿಗೆ ತಿಳಿಯಿತು. ಅವನಿಗೆ ಗೊತ್ತಿದೆ ಎಂಬುದು ಅವಳಿಗೂ ತಿಳಿಯಿತು.

"ಇನ್ನೊಂದ್ ಕಿವಿ ಉಳದದಲ್ಲ ಬೇ ನಿಂದು," ಎಂದ ಮೆಲ್ಲಗೆ. "ಜ್ವಾಪಾನ ಮಾಡ್ಕೋ."

ಅವನು ಹೋದ ಮೇಲೆ ಓಣಿಯವರು ಒಬ್ಬೊಬ್ಬರಾಗಿ ಬಂದರು. ಪ್ಯಾರಿಬಿ ಅವಳ ಕೈ ಹಿಡಿದುಕೊಂಡಳು. "ಹೂಂ ಅಂದ್ಬಿಡು ವಜೀರಾ. ಹ್ಯಾಂಗೂ ಅಂವ ಉಳಿಯಂಗಿಲ್ಲ. ಉಳದವರ ಮಾರಿ ನೋಡು." ಸಲಾವುದ್ದೀನ ಬಾಗಿಲಲ್ಲಿ ನಿಂತು ಅಳುತ್ತಿದ್ದ. ಅವಳು ಹೇಳುವುದಾದರೂ ಏನನ್ನು? ನಿಜ ಹೇಳಿದರೆ ಗಂಡ ಜೈಲಿಗೆ. ಸುಳ್ಳು ಹೇಳಿದರೆ ಗುರುಲಿಂಗ ಕಳ್ಳ, ಶಿವಗಂಗಾ ಕಳ್ಳನ ಹೆಂಡತಿ. ಆ ರೇವಣ್ಯಾ ಮಾತ್ರ ಎರಡರಲ್ಲೂ ಆರಾಮ.

ಗುರುಲಿಂಗ ಸತ್ತ. ಹೆಣ ಬೆಳಿಗ್ಗೆ ಓಣಿಗೆ ಬಂತು.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಮನೆಯವರು ಬುತ್ತಿ ತರಬೇಕು. ಆ ಓಣಿಯಲ್ಲಿ ಎಂದೂ ತಪ್ಪದ ಪದ್ಧತಿ ಅದು. ಅಂದು ಒಬ್ಬರೂ ಬುತ್ತಿ ಕಟ್ಟಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುವುದು? ವಜೀರುನ್ನಿಸಾ ರೊಟ್ಟಿ ಬಡಿದಳು, ಬಟ್ಟೆಯಲ್ಲಿ ಕಟ್ಟಿದಳು, ಎದ್ದಳು. ಮುರ್ತುಜಾ ತಡೆಯಲಿಲ್ಲ. ಅವಳ ಹಿಂದೆಯೇ ಬಂದು ಹೊಸ್ತಿಲ ಹೊರಗೆ ನಿಂತ.

ಶಿವಗಂಗಾ ಬುತ್ತಿಯ ಕಡೆ ನೋಡಲಿಲ್ಲ.

"ಅದನ್ನ ಆಮ್ಯಾಲ ಇಡು ಆಪಾ. ಮೊದ್ಲ ಒಂದ್ ಮಾತ ಹೇಳು. ನನ್ನ ಗಂಡ ನಿನ್ನ ಕಿವಿ ಹರದನೇನು?"

"ಇಲ್ಲವ್ವಾ."

"ಯಾರ್ ಹರದ್ರು? ನೋಡೀದಿ?"

"ನೋಡೀನಿ. ರೇವಣ್ಯಾ. ಮೆಂಬರ್‌ನ ಅಳಿಯಾ."

"ಅವತ್ತೇ ನೀ ಅವನ ಹೆಸರ ಕೂಗಿದ್ರ ನನ್ನ ಗಂಡ ಇರ್ತಿದ್ದ."

ವಜೀರುನ್ನಿಸಾ ಬುತ್ತಿಯನ್ನು ನೆಲಕ್ಕಿಟ್ಟಳು. ಅಲ್ಲೇ ಕೂತಳು. "ಹೌದವ್ವಾ. ಇರ್ತಿದ್ದ."

ಶಿವಗಂಗಾ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ಅದರಲ್ಲಿ ಪ್ರೀತಿಯೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ.

"ಇವತ್ತರೆ ಕೂಗು."

ಹೊರಗೆ ನಿಂತಿದ್ದ ಮುರ್ತುಜಾ ಮನೆಗೆ ಹೋಗಿ ತನ್ನ ಬಡಿಗೆ ತಂದ. ಒಣಗಿದ ನೆತ್ತರು ಅದಕ್ಕೆ ಇನ್ನೂ ಹತ್ತಿಕೊಂಡಿತ್ತು. ನಂತರ ಓಣಿಯ ಮನೆ ಮನೆಗೂ ಹೋಗಿ ಬಾಗಿಲು ಬಡಿದ. ಏನು ಹೇಳಿದನೋ ಏನೋ. ಹೊತ್ತು ಏರುವುದರೊಳಗೆ ಎಲ್ಲರೂ ಹೊರಗಿದ್ದರು.

ಗುರುಲಿಂಗನ ಮಂದಿಯಲ್ಲಿ ಹೆಣವನ್ನು ಮಲಗಿಸಿ ಒಯ್ಯುವುದಿಲ್ಲ, ಕುಳ್ಳಿರಿಸಿ ಒಯ್ಯುತ್ತಾರೆ. ಕಟ್ಟಿಗೆಯ ಕುರ್ಚಿಗೆ ಕೂಡಿಸಿ, ಎದೆಗೆ ಬಟ್ಟೆ ಬಿಗಿದು, ಹಣೆಗೆ ವಿಭೂತಿ ಬಳಿದಿದ್ದರು. ಹೊರಲು ನೆಂಟರು ಸಾಲದಾದರು. ಮುರ್ತುಜಾ, ಸಲಾವುದ್ದೀನ ತಲೆ ತಗ್ಗಿಸಿ ದೂರ ನಿಂತಿದ್ದರು. ಶಿವಗಂಗಾ ಅವರತ್ತ ತಿರುಗಿದಳು.

"ಹೊಡ್ಯಾಗ ಮುಂದ ಬಂದಿದ್ರಿ. ಈಗ ಹೆಗಲ ಕೊಡ್ರಿ."

ಕೊಟ್ಟರು. ಮೆರವಣಿಗೆ ಮಸಣದ ದಾರಿ ಬಿಟ್ಟು ಗಂಜ್ ಪೇಟೆಯ ಪೊಲೀಸ್ ಚೌಕಿಯ ಕಡೆ ಹೊರಳಿತು. ಚೌಕಿಯ ಬಾಗಿಲಿಗೆ ಎದುರಾಗಿ ಕುರ್ಚಿ ಇಳಿಸಿದರು. ಹೊರಗೆ ಬಂದ ಫೌಜದಾರನಿಗೆ ಎದುರಿಗೇ ಗುರುಲಿಂಗ ಕೂತಿದ್ದ. ಈಗ ಆ ಮುಖಕ್ಕೆ ದಸ್ತಿ ಇರಲಿಲ್ಲ. ಒಡೆದ ಹುಬ್ಬು, ಬಾತ ತುಟಿ, ಎಲ್ಲ ಬಿಸಿಲಿಗೆ ಬಿದ್ದಿದ್ದವು.

"ಏನಿದು ನಾಟಕ? ಹೆಣ ಎತ್ರಿ ಇಲ್ಲಿಂದ!"

ಮುರ್ತುಜಾ ಒಳಗೆ ಹೋಗಿ ಮೇಜಿನ ಮೇಲೆ ಬಡಿಗೆ ಇಟ್ಟ. "ಹೊಡದಾಂವ ನಾನ್ರಿ. ಮುರ್ತುಜಾ ಅಂತ ಬರಕೋರಿ. ಬಡಿಗಿ ಮೆಂಬರ್ರು ಕೊಟ್ಟಿದ್ದು, ಅದನ್ನೂ ಬರಕೋರಿ."

"ನಾನೂ ಹೊಡದೀನ್ರಿ. ಸಲಾವುದ್ದೀನ."

"ನಾನೂ. ಪ್ಯಾರಿಬಿ."

ಮೇಜಿನ ಮೇಲೆ ಬಡಿಗೆಗಳು ಬೀಳುತ್ತಲೇ ಹೋದವು, ನೆಲಕ್ಕೂ ಉರುಳಿದವು. ಫೌಜದಾರ ಕುರ್ಚಿಯಿಂದ ಎದ್ದ.

"ಮಂದೀಗಿ ಹೆಸರಿರಂಗಿಲ್ಲ ಅಂದಿದ್ರು ಮೆಂಬರ್ರು," ಎಂದ ಮುರ್ತುಜಾ. "ನಮಗ ಹೆಸರ ಅದಾವ್ರಿ ಸಾಹೇಬ್ರ. ಎಲ್ಲಾ ಬರಕೋರಿ. ಬರದ ಮ್ಯಾಲ ಕಳ್ಳಂದೂ ಬರೀರಿ. ಅದನ್ನ ಇಕಿ ಹೇಳ್ತಾಳ."

"ರೇವಣ್ಯಾ," ಎಂದಳು ವಜೀರುನ್ನಿಸಾ. "ಮೆಂಬರ್ ಚಂದಪ್ಪನ ಅಳಿಯ. ಬಡಿಗಿ ಹಂಚಿದಾಂವ, ನನ್ನ ಕಿವಿ ಹರದಾಂವ ಒಬ್ಬನೇ."

ಮುರ್ತುಜಾನ ಹೆಸರು ಬರೆಯುತ್ತಿದ್ದ ಪೆನ್ನು ನಿಂತಿತು. ಫೌಜದಾರ ಅದರ ಮುಚ್ಚಳ ಹಾಕಿ ಕಿಸೆಗೆ ಸಿಕ್ಕಿಸಿಕೊಂಡ. "ಅದು ಬ್ಯಾರೆ ವಿಷಯ. ತನಿಖಿ ಆಗ್ಬೇಕಾಗ್ತದ. ಏಯ್, ಇವನ ಕೈಗಿ ಬೇಡಿ ಹಾಕ್ರಿ."

ಹೊಸ ಹೊರಸು ಹೆಣೆದಷ್ಟೇ ನಿಧಾನವಾಗಿ ಮುರ್ತುಜಾ ಎರಡೂ ಕೈ ಮುಂದೆ ಚಾಚಿದ. ಬೇಡಿ ಬಿತ್ತು. ಅಷ್ಟರಲ್ಲಿ ಚಂದಪ್ಪನ ಜೀಪು ಬಂದು ನಿಂತಿತು. ಸುದ್ದಿ ಮುಟ್ಟಿತ್ತು. ಓಡಿಸುತ್ತಿದ್ದವನು ರೇವಣ್ಯಾ. ಬಿಸಿಲಿಗೆ ಮುಖಕ್ಕೆ ದಸ್ತಿ ಕಟ್ಟಿದ್ದ.

ವಜೀರುನ್ನಿಸಾ ಹೊರಗೆ ಬಂದಳು. ಕಿವಿಯ ಪಟ್ಟಿಯನ್ನು ಕಿತ್ತೆಸೆದಳು. ಮಾಯದ ಗಾಯದಿಂದ ಮತ್ತೆ ನೆತ್ತರು ಇಳಿಯಿತು. ಜೀಪಿನ ಹತ್ತಿರ ಹೋಗಿ, ಕೈ ಹಾಕಿ, ಅವನ ಮುಖದ ದಸ್ತಿಯನ್ನು ಜಗ್ಗಿದಳು.

"ಇಂವ! ರೇವಣ್ಯಾ! ಇಂವ!"

ಆ ಹೆಸರು ಇಡೀ ಗಂಜ್ ಪೇಟೆಗೆ ಕೇಳಿತು. ಓಣಿಯವರು ಅದನ್ನೇ ಕೂಗಿದರು. ಯಾರೊಬ್ಬರೂ ಅವನ ಮೈಮುಟ್ಟಲಿಲ್ಲ. ಮತ್ತೊಬ್ಬನ ಮೇಲೆ ಎತ್ತಲು ಅವರ ಕೈಯಲ್ಲಿ ಬಡಿಗೆ ಇರಲಿಲ್ಲ. ರೇವಣ್ಯಾ ಜೀಪನ್ನು ಹಿಂದಕ್ಕೆ ಹೊರಳಿಸಲು ನೋಡಿದ. ಹಿಂದೆ ದಾರಿ ಕಟ್ಟಿತ್ತು. ಸೊಂಟ ಮುರಿದ ನಿಂಬೆವ್ವನನ್ನು ಹೆಣ್ಣುಮಕ್ಕಳು ಹೊರಸಿನ ಸಮೇತ ಹೊತ್ತು ತಂದು ರಸ್ತೆಗೆ ಅಡ್ಡ ಇಟ್ಟಿದ್ದರು.

"ಹಾಯಿಸ್ಲೇ ನನ್ನ ಮ್ಯಾಲ," ಎಂದಳು ಮುದುಕಿ ಮಲಗಿದಲ್ಲಿಂದಲೇ. "ಒಮ್ಮೆ ಎಳದೀದಿ. ಈಗ ಹಾಯ್ಸು."

ಶಿವಗಂಗಾ ಗಂಡನ ಕುರ್ಚಿಯ ಪಕ್ಕದಲ್ಲಿ ಕಾಲು ಚಾಚಿ ಕೂತಳು. "ಈ ಹೆಸರ ಬರಿಯೂ ತನಕಾ ನನ್ನ ಗಂಡ ಇಲ್ಲಿಂದ ಏಳಂಗಿಲ್ಲ," ಎಂದಳು. ಪ್ಯಾರಿಬಿ ಓಣಿಗೆ ಓಡಿದಳು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಗಿರಣಿ ಓಣಿಯ ಹೊರಸುಗಳೆಲ್ಲ ಹೊರಗೆ ಬಂದು ಚೌಕಿಯ ಮುಂದಿನ ರಸ್ತೆಯ ತುಂಬ ಬಿದ್ದವು. ಜನ ಅವುಗಳ ಮೇಲೆ ಕೂತರು. ಫೌಜದಾರನ ಪೆನ್ನು ಇನ್ನೂ ಕಿಸೆಯಲ್ಲೇ ಇತ್ತು.