ನಿಂತಾಗಿನ ಬಿ.ಪಿ.

ಕಮಲಾಪುರದ ಚಾಂದಬಿಗೆ ಹದಿನೈದು ದಿನದಿಂದ ತಲೆಸುತ್ತು. ಬಸ್ಸು ಹಿಡಿದು ಆ ಮುದುಕಿ ಕಲಬುರಗಿಯ ಖಾಸಗಿ ಆಸ್ಪತ್ರೆಗೆ ಬಂದಾಗ ನೋಡಿದವಳು ಡಾಕ್ಟರ್ ಸಂಘಮಿತ್ರಾ. ಕೋಟನೂರಿನವಳು, ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳು.

ತಲೆಸುತ್ತು ಎಂದವರಿಗೆಲ್ಲ ಮೆದುಳಿನ ಸ್ಕ್ಯಾನ್ ಬರೆಯುವುದು ಅಲ್ಲಿಯ ರೂಢಿ. ಸಂಘಮಿತ್ರಾ ಬರೆಯಲಿಲ್ಲ. ಎಂ.ಡಿ. ಓದುವಾಗ ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ವರ್ಷ ಅವಳನ್ನು ತಿದ್ದಿದವರು ಡಾಕ್ಟರ್ ಸಾವಿತ್ರೀಬಾಯಿ. ಯಾವ ಪರೀಕ್ಷೆ ಬರೆದರೂ ಚೀಟಿ ಹಿಡಿದು, ಇದರ ವರದಿ ಬಂದರೆ ಚಿಕಿತ್ಸೆಯಲ್ಲಿ ಏನು ಬದಲಿಸುತ್ತೀ ಎಂದು ಕೇಳುತ್ತಿದ್ದರು. ಉತ್ತರವಿಲ್ಲದಿದ್ದರೆ ಚೀಟಿ ಹರಿಯುತ್ತಿದ್ದರು. ಉತ್ತರವಿದ್ದರೆ ಸ್ಕ್ಯಾನ್ ಕೋಣೆಯ ಮುಂದೆ ತಾವೇ ನಿಂತು ಸರದಿ ಕೊಡಿಸುತ್ತಿದ್ದರು.

ಚಾಂದಬಿಯ ಮಾತು, ನಡಿಗೆ, ಕೈಕಾಲಿನ ಬಲ ಎಲ್ಲ ಸರಿಯಿತ್ತು. ಮಲಗಿಸಿ ಬಿ.ಪಿ. ನೋಡಿದಳು, ನಿಲ್ಲಿಸಿ ಮೂರು ನಿಮಿಷ ಬಿಟ್ಟು ಮತ್ತೆ ನೋಡಿದಳು. ಸರ್ರನೆ ಇಳಿದಿತ್ತು. ಚೀಲದ ಮಾತ್ರೆಗಳನ್ನು ಟೇಬಲ್ ಮೇಲೆ ಸುರಿಸಿದಾಗ ಕಾರಣ ಸಿಕ್ಕಿತು: ಇಬ್ಬರು ಡಾಕ್ಟರು ಬೇರೆ ಬೇರೆ ಹೆಸರಿನಲ್ಲಿ ಬರೆದುಕೊಟ್ಟ ಒಂದೇ ಬಿ.ಪಿ. ಮಾತ್ರೆ. ಒಂದನ್ನು ನಿಲ್ಲಿಸಿ, ಮುಂದಿನ ಭಾನುವಾರ ತಾನೇ ಕಮಲಾಪುರಕ್ಕೆ ಬಂದು ನೋಡುವುದಾಗಿ ಹೇಳಿ ಕಳಿಸಿದಳು.

ಸ್ಕ್ಯಾನ್ ಬರೆಯದ ಸುದ್ದಿ ತಿಳಿದು ಮಧ್ಯಾಹ್ನ ಆಸ್ಪತ್ರೆಯ ಮಾಲೀಕ ಡಾಕ್ಟರ್ ಕೌಸ್ತುಭ ಅವಳನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ. ತರಬೇತಿಯ ದಿನಗಳಲ್ಲಿ, ದೊಡ್ಡ ಊರಿನ ಆಸ್ಪತ್ರೆಯಲ್ಲಿ, ಒಂದು ಪರೀಕ್ಷೆ ಬಿಟ್ಟುಹೋದರೂ ಎಲ್ಲರೆದುರು ಬೈಸಿಕೊಂಡವರು. ಇಪ್ಪತ್ತು ವರ್ಷವಾದರೂ ಆ ಅಂಜಿಕೆ ಅವರನ್ನು ಬಿಟ್ಟಿರಲಿಲ್ಲ.

“ನಾಳಿಗಿ ಏನರೆ ಆದ್ರ ಯಾರು ಜವಾಬ್ದಾರಿ? ನಾ ಕಲ್ತದ್ದು ಹಿಂಗ. ಇಲ್ಲಿ ಇರೋದಿದ್ರ ನೀವೂ ಹಿಂಗ ಮಾಡ್ಬೇಕು.”

“ಜವಾಬ್ದಾರಿ ನಂದೇ ರೀ ಸರ್,” ಎಂದಳು ಸಂಘಮಿತ್ರಾ. “ಸ್ಕ್ಯಾನ್ ಯಾಕ ಬ್ಯಾಡ ಅಂತ ಕೇಸ್ ಪೇಪರಿನ್ಯಾಗ ಬರದು ಸಹಿ ಹಾಕೀನಿ. ಮೊನ್ನಿ ಲಕ್ವಾ ಹೊಡದವರಿಗಿ ನಾನೇ ಓಡಿಹೋಗಿ ಮಾಡಿಸೀನಲ್ಲ.”

ಹಾಗಾದರೆ ರಾಜೀನಾಮೆ ಬರೆಯಿರಿ ಎಂದರು.

“ನಾ ಬರಿಯಂಗಿಲ್ರಿ. ನೀವೇ ಕೆಲಸದಿಂದ ತಗೀರಿ. ಕಾರಣ ಬರದು ಕೊಡ್ರಿ.”

ಕೌಸ್ತುಭ ಪೆನ್ನೆತ್ತಿದರು. ಬರೆಯಬಲ್ಲಂಥ ಕಾರಣ ಸಿಗದೆ ಕೆಳಗಿಟ್ಟು, ಹೋಗಿ ಎಂಬಂತೆ ಕೈಯಾಡಿಸಿದರು. ಅವಳು ತಲೆ ತಗ್ಗಿಸದೆ ಹೊರಬಂದಳು.

ಭಾನುವಾರ ಕಮಲಾಪುರದಲ್ಲಿ ಚಾಂದಬಿ ರಸ್ತೆಬದಿ ಕೆಂಪು ಬಾಳೆಹಣ್ಣು ಮಾರುತ್ತಿದ್ದಳು. ಗೊನೆಗಳ ಪಕ್ಕದಲ್ಲೇ ನಿಲ್ಲಿಸಿ ಸಂಘಮಿತ್ರಾ ಬಿ.ಪಿ. ನೋಡಿದಳು. ಇಳಿದಿರಲಿಲ್ಲ. ಎದ್ದರೆ ಈಗ ಕಣ್ಣು ಕತ್ತಲಾಗುವುದಿಲ್ಲವೆಂದಳು ಮುದುಕಿ.

ಸೋಮವಾರ ಅದನ್ನೂ ಕೇಸ್ ಪೇಪರಿನಲ್ಲಿ ಬರೆದು ಕೌಸ್ತುಭರ ಮುಂದಿಟ್ಟಳು. ಅವರು ಎರಡು ಸಲ ಓದಿದರು. ಮೆಚ್ಚಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ಅವಳು ತನ್ನ ಕೋಣೆಗೆ ಹೋಗಿ ಮುಂದಿನ ಪೇಶಂಟನ್ನು ಕರೆದಳು.